ಅತ್ತಿಗೆ ಈಗ "ರೇಡಿಯೋಆಕ್ಟಿವ್" ಅಂತೆ. ಹಾಗಂದ್ರೆ ಸರಿಯಾಗಿ ಏನು?

ಶಾಲ್ಮಲಾ | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಫಿಸಿಕ್ಸ್ ಓದಿದವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇದ್ದೀರಿ ಅನ್ನುವ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ನಮ್ಮ ಅತ್ತಿಗೆಗೆ ಥೈರಾಯ್ಡ್ ಕ್ಯಾನ್ಸರ್ ಇತ್ತು. ಆಪರೇಷನ್ ಮಾಡಿ ಗ್ರಂಥಿ ಪೂರ್ತಿ ತೆಗೆದರು. ಚೂರುಪಾರು ಉಳಿದಿದ್ದರೆ ಅದೂ ಹೋಗಲಿ ಅಂತ ಇವತ್ತು ರೇಡಿಯೋಆಕ್ಟಿವ್ ಅಯೋಡಿನ್ ಕೊಟ್ಟಿದ್ದಾರೆ. ಒಂದೇ ಒಂದು ಕ್ಯಾಪ್ಸೂಲ್. ಅದನ್ನು ದಪ್ಪನೆಯ ಸೀಸದ ಡಬ್ಬಿಯಲ್ಲಿ ತಂದರಂತೆ. ಡಬ್ಬಿ ಮೇಜಿನ ಮೇಲಿಟ್ಟು, "ನುಂಗಿ ನೀರು ಕುಡೀರಿ" ಅಂತ ಹೇಳಿ ಅವರು ಬಾಗಿಲ ಹತ್ತಿರ ಹೋಗಿ ನಿಂತರಂತೆ. "ಅವರು ಪಕ್ಕದಲ್ಲಿ ನಿಲ್ಲೋಕೂ ಹೆದರೋದನ್ನ ನಾನು ನುಂಗಬೇಕಲ್ಲಪ್ಪ ಅನ್ನಿಸ್ತು" ಅಂತ ಅತ್ತಿಗೆ ಫೋನಲ್ಲಿ ನಕ್ಕರು. ಅದು ಪೂರ್ತಿ ನಗು ಆಗಿರಲಿಲ್ಲ.

ಗುರುವಾರ ಮನೆಗೆ ಕಳಿಸುತ್ತಾರೆ. ಆಮೇಲೂ ಒಂದಷ್ಟು ದಿನ ಮಗುವಿನಿಂದ ದೂರ ಇರಬೇಕಂತೆ. ಪುಟ್ಟಿಗೆ ನಾಲ್ಕು ವರ್ಷ. ಅವಳಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಅಮ್ಮನ ಪ್ರಶ್ನೆಗಳು ಬೇರೆ. ಹಾಸಿಗೆ ಬಿಸಿಲಿಗೆ ಹಾಕಿದರೆ ಹೋಗುತ್ತಾ? ಬಟ್ಟೆ ಕುದಿಸಬೇಕಾ? ಮುಟ್ಟಿದರೆ ನಮಗೂ ಬರುತ್ತಾ? ಲಾರಿ ಹಿಂದಿನ ರೇಡಿಯಂ ಥರ ಕತ್ತಲಲ್ಲಿ ಮೈ ಹೊಳೆಯುತ್ತಾ? ಪಕ್ಕದ ಮನೆಯವರು ಬಂದು ತಮ್ಮ ಬಾವಿಗೆ ಏನೂ ಆಗಲ್ವಲ್ಲ ಅಂತ ಕೇಳಿ ಹೋದರು. ಅಣ್ಣ ಯೂಟ್ಯೂಬಲ್ಲಿ ಚೆರ್ನೋಬಿಲ್ ನೋಡಿಕೊಂಡು ಕೂತಿದ್ದಾನೆ.

ಏನೇನು ಮಾಡಬೇಕು ಅಂತ ಆಸ್ಪತ್ರೆಯವರು ಚೀಟಿ ಕೊಟ್ಟಿದ್ದಾರೆ. ಯಾಕೆ ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ.

ತಿಂಡಿಪೋತ | ಸೋಮವಾರ, ರಾತ್ರಿ 9:52

ಹೆದರಬೇಡಿ ಅಕ್ಕಾ. ಬಾಳೆಹಣ್ಣೂ ರೇಡಿಯೋಆಕ್ಟಿವ್. ನಾನು ದಿನಾ ಎರಡು ತಿನ್ನುತ್ತೇನೆ, ಇನ್ನೂ ಹೊಳೆದಿಲ್ಲ.

ಗಾಮಾ ಕ್ಯಾಮೆರಾ | ಸೋಮವಾರ, ರಾತ್ರಿ 10:20

ತಿಂಡಿಪೋತರೇ, ನಿಮ್ಮ ಮಾತು ಸುಳ್ಳಲ್ಲ. ಆದರೆ ಈ ಬಾಳೆಹಣ್ಣಿನ ಸಮಾಧಾನ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಒಂದು ಬಾಳೆಹಣ್ಣಿನಲ್ಲಿ ಸೆಕೆಂಡಿಗೆ ಸುಮಾರು 15 ಪೊಟ್ಯಾಸಿಯಂ ಪರಮಾಣು ಒಡೆಯುತ್ತವೆ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂ ಲೆಕ್ಕ ಹಾಕಿದರೆ ಸೆಕೆಂಡಿಗೆ ನಾಲ್ಕು ಸಾವಿರಕ್ಕಿಂತ ಜಾಸ್ತಿ. ಇನ್ನು ಕ್ಯಾನ್ಸರಿಗೆ ಕೊಡುವ ಅಯೋಡಿನ್ ನೋಡಿ. ಅದನ್ನು ಮಿಲಿಕ್ಯೂರಿ ಅನ್ನುವ ಮಾನದಲ್ಲಿ ಅಳೆಯುತ್ತಾರೆ. 100 ಮಿಲಿಕ್ಯೂರಿ ಅಂದರೆ ಸೆಕೆಂಡಿಗೆ 370 ಕೋಟಿ. ಎರಡಕ್ಕೂ ಒಂದೇ ಪದ ಅಂತ ಎರಡೂ ಒಂದೇ ಅಲ್ಲ. ಮಳೆಹನಿಯೂ ನೀರು, ಜೋಗವೂ ನೀರು.

ಶಾಲ್ಮಲಾ ಅವರೇ, ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಿಷಿಯನ್. ಆ ಸೀಸದ ಡಬ್ಬಿ ಹಿಡಿದು ಬಾಗಿಲ ಹತ್ತಿರ ನಿಲ್ಲುವವನು ನಾನೇ. ಅತ್ತಿಗೆಯವರಿಗೆ ಹೇಳಿ, ಹೆದರಿ ನಿಲ್ಲುವುದಲ್ಲ. ಅವರು ನುಂಗುವುದು ಒಂದು ಸಲ. ನಾವು ವಾರವಾರವೂ ಎಷ್ಟೋ ಜನಕ್ಕೆ ಕೊಡುತ್ತೇವೆ, ವರ್ಷಗಟ್ಟಲೆ. ಒಂದು ಮೀಟರ್ ದೂರದಲ್ಲಿ ನಿಂತವನು ಎರಡು ಮೀಟರಿಗೆ ಸರಿದರೆ ಅವನಿಗೆ ತಾಗುವುದು ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಮೀಟರಿಗೆ ಹೋದರೆ ಒಂಬತ್ತರಲ್ಲಿ ಒಂದು. ಎರಡು ಹೆಜ್ಜೆಗೆ ಇಷ್ಟು ಲಾಭ ಇರುವಾಗ ಯಾರು ಬಿಡುತ್ತಾರೆ?

ಅಯೋಡಿನ್ನೇ ಯಾಕೆ ಅಂದರೆ, ಮೈಯಲ್ಲಿ ಅಯೋಡಿನ್ ಹೀರಿ ಕೂಡಿಟ್ಟುಕೊಳ್ಳುವುದು ಮುಖ್ಯವಾಗಿ ಥೈರಾಯ್ಡ್ ಜೀವಕೋಶ. ಅದಕ್ಕೆ ಸಾದಾ ಅಯೋಡಿನ್ ಯಾವುದು, ರೇಡಿಯೋಆಕ್ಟಿವ್ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡರ ರಸಾಯನವೂ ಒಂದೇ. ಎರಡು ವಾರ ಮೊದಲಿನಿಂದ ಅಯೋಡಿನ್ ಉಪ್ಪು ಬೇಡ, ಸಮುದ್ರದ ಮೀನು ಬೇಡ ಅಂದಿರುತ್ತಾರಲ್ಲ? ಆ ಕೋಶಗಳನ್ನು ಉಪವಾಸ ಕೆಡವಿ, ಆಮೇಲೆ ಬಡಿಸುವುದು. ಹಸಿದದ್ದು ಆರಿಸಿ ತಿನ್ನುವುದಿಲ್ಲ.

ಶಾಲ್ಮಲಾ | ಸೋಮವಾರ, ರಾತ್ರಿ 10:31

ಹೌದು ಸರ್! ಅಯೋಡಿನ್ ಇಲ್ಲದ ಉಪ್ಪಿಗೆ ಅಣ್ಣ ಶಿರಸಿ ಪೇಟೆಯೆಲ್ಲ ಸುತ್ತಿದ್ದ. ಎಲ್ಲ ಅಂಗಡಿಯಲ್ಲೂ "ಅಯೋಡಿನ್ ಇರೋದೇ ಒಳ್ಳೇದು ಮಾರಾಯ್ರೆ" ಅಂತ ಬುದ್ಧಿ ಹೇಳಿ ಕಳಿಸಿದ್ದರು.

ಹಳೇ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 6:15

ಕೇಳಿದ್ದು ಅರ್ಥ ಏನು ಅಂತ. ಅದನ್ನು ಮೊದಲು ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ನಾವು ಅಡುಗೆಮನೆಯಲ್ಲಿ ನೋಡುವ ಬದಲಾವಣೆ ಎಲ್ಲ ಪರಮಾಣುವಿನ ಹೊರ ಅಂಗಳದಲ್ಲಿ ನಡೆಯುವಂಥದ್ದು. ಸೌದೆ ಉರಿಯುವುದು, ಹಾಲು ಹೆಪ್ಪಾಗುವುದು, ಕಬ್ಬಿಣ ತುಕ್ಕು ಹಿಡಿಯುವುದು, ಎಲ್ಲದರಲ್ಲೂ ಎಲೆಕ್ಟ್ರಾನುಗಳ ಕೊಡು-ಕೊಳ್ಳುವಿಕೆ. ನಡುಮನೆಯಲ್ಲಿ ಕೂತ ನ್ಯೂಕ್ಲಿಯಸ್‌ಗೆ ಇದರ ಸುದ್ದಿಯೇ ಇರುವುದಿಲ್ಲ. ರೇಡಿಯೋಆಕ್ಟಿವ್ ಅಂದರೆ ಆ ನಡುಮನೆಯೇ ಗಟ್ಟಿ ಇಲ್ಲ ಅಂತ. ಅದು ಒಂದಲ್ಲ ಒಂದು ಕ್ಷಣ ತಾನಾಗಿ ಬದಲಾಗುತ್ತದೆ. ಬದಲಾಗುವಾಗ ಏನನ್ನೋ ಹೊರಗೆ ಎಸೆಯುತ್ತದೆ. ಎಸೆಯುವ ಗುಣ ರೇಡಿಯೋಆಕ್ಟಿವಿಟಿ. ಎಸೆದದ್ದು ವಿಕಿರಣ. ಪೇಪರಿನವರು ಎರಡನ್ನೂ ಕಲಸಿ ಬರೆಯುತ್ತಾರೆ, ಅಲ್ಲೇ ಅರ್ಧ ಗೊಂದಲ.

ನಿಮ್ಮ ಅತ್ತಿಗೆಯವರ ಅಯೋಡಿನ್ನನ್ನೇ ತೆಗೆದುಕೊಳ್ಳಿ. ಉಪ್ಪಿನಲ್ಲಿರುವ ಅಯೋಡಿನ್‌ಗೆ ನಡುಮನೆಯಲ್ಲಿ 53 ಪ್ರೋಟಾನ್, 74 ನ್ಯೂಟ್ರಾನ್. ಕ್ಯಾಪ್ಸೂಲಿನದಕ್ಕೆ ಪ್ರೋಟಾನ್ ಅಷ್ಟೇ, ನ್ಯೂಟ್ರಾನ್ 78. ನಾಲ್ಕು ಹೆಚ್ಚು. ಆ ನಾಲ್ಕು ಜಾಸ್ತಿ ಆದದ್ದಕ್ಕೆ ನ್ಯೂಕ್ಲಿಯಸ್ ತಡೆದುಕೊಳ್ಳುವುದಿಲ್ಲ. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿಬಿಡುತ್ತದೆ. ಆಗ ಒಂದು ಎಲೆಕ್ಟ್ರಾನ್ ಸಿಡಿದು ಹೊರಬರುತ್ತದೆ. ಅದೇ ಬೀಟಾ. ಮಾಂಸದೊಳಗೆ ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ಅದರ ಕಸುವು ಮುಗಿಯುತ್ತದೆ. ಕ್ಯಾನ್ಸರ್ ಕೋಶ ಸಾಯುವುದು ಹೆಚ್ಚಾಗಿ ಅದರಿಂದ. ಜೊತೆಗೆ ಬೆಳಕಿನ ಜಾತಿಯದೇ ಆದ, ಕಣ್ಣಿಗೆ ಕಾಣದ ಗಾಮಾ ಕಿರಣ. ಅದು ಮೈ ದಾಟಿ ಹೊರಗೆ ಬರುತ್ತದೆ. ನೀವು ದೂರ ಇರಬೇಕಾದ್ದು ಅದಕ್ಕೆ. 53 ಇದ್ದ ಪ್ರೋಟಾನ್ 54 ಆಯಿತಲ್ಲ? ಈಗ ಅದು ಅಯೋಡಿನ್ನೇ ಅಲ್ಲ. ಕ್ಸೆನಾನ್ ಅನ್ನುವ ಸಾಧು ಗ್ಯಾಸು. ಯಾರ ತಂಟೆಗೂ ಹೋಗುವುದಿಲ್ಲ.

1896ರಲ್ಲಿ ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್, ಯುರೇನಿಯಂ ಲವಣಕ್ಕೆ ಬಿಸಿಲು ತಾಗಿದರೆ ಅದು ಎಕ್ಸ್-ರೇ ಬಿಡುತ್ತದೇನೋ ಅಂತ ನೋಡಲು ಹೊರಟಿದ್ದರು. ಕಪ್ಪು ಕಾಗದ ಸುತ್ತಿದ ಫೋಟೋ ಪ್ಲೇಟು, ಮೇಲೆ ಲವಣ. ಮೋಡ ಕವಿಯಿತು. ಎಲ್ಲವನ್ನೂ ಡ್ರಾಯರಿನಲ್ಲಿಟ್ಟರು. ಕೆಲವು ದಿನ ಬಿಟ್ಟು, ಬಿಸಿಲು ಕಾಣದ ಪ್ಲೇಟನ್ನು ತೊಳೆದು ನೋಡಿದರೆ ಗುರುತು ಗಾಢವಾಗಿ ಮೂಡಿತ್ತು. ಬಿಸಿಲು ಬೇಕಾಗಿಯೇ ಇರಲಿಲ್ಲ. ಯಾರೂ ಕೀ ಕೊಡದೆ ಓಡುವ ಗಡಿಯಾರ. ಎರಡು ವರ್ಷದ ಮೇಲೆ ಮೇರಿ ಕ್ಯೂರಿ ಈ ಗುಣಕ್ಕೆ ರೇಡಿಯೋಆಕ್ಟಿವಿಟಿ ಅಂತ ಹೆಸರಿಟ್ಟರು.

ನಿಮ್ಮ ಅಮ್ಮನ ಪ್ರಶ್ನೆಗೆ ಉತ್ತರ ಈ ಡ್ರಾಯರಿನಲ್ಲೇ ಇದೆ. ಬಿಸಿಲು ಹಚ್ಚಿಸಲೂ ಇಲ್ಲ, ಆರಿಸುವುದೂ ಇಲ್ಲ. ಕುದಿಸಿ, ಒಣಗಿಸಿ, ಹುಳಿ ಹಾಕಿ, ಫ್ರಿಜ್ಜಿನಲ್ಲಿಡಿ, ನಡುಮನೆಗೆ ಗೊತ್ತೇ ಆಗುವುದಿಲ್ಲ. ತೊಳೆದರೆ ಜಾಗ ಬದಲಾಗುತ್ತದೆ, ಅಷ್ಟೇ. ಬಟ್ಟೆಯಿಂದ ನೀರಿಗೆ.

ನಂಬರ್ ಪ್ಲೇಟ್ | ಮಂಗಳವಾರ, ಬೆಳಿಗ್ಗೆ 10:05

ರೇಡಿಯಂ ವಿಷಯ ಬಂತಲ್ಲ, ನಾನು ಹೇಳಲೇಬೇಕು. ನನ್ನದು ರೇಡಿಯಂ ಕಟಿಂಗ್ ಅಂಗಡಿ. ಆಟೋ ಹಿಂದೆ "ಅಮ್ಮನ ಆಶೀರ್ವಾದ" ಬರೆದು ಬರೆದು ಹೊಟ್ಟೆ ತುಂಬಿದೆ. ನಮ್ಮ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಬರೀ ಹೆಸರು. ಗಾಡಿ ಲೈಟು ಬಿದ್ದರೆ ವಾಪಸ್ ಕೊಡುತ್ತದೆ. ಲೈಟು ಇಲ್ಲದಿದ್ದರೆ ಕರಿ ಕತ್ತಲು. ಅಮ್ಮನಿಗೆ ಹೇಳಿ.

ಹಳೇ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 11:30

ಆ ಹೆಸರಿಗೂ ಒಂದು ಕಥೆ ಇದೆ, ಚೆನ್ನಾಗಿಲ್ಲದ ಕಥೆ. ಹಿಂದೆ ಕತ್ತಲಲ್ಲಿ ಕಾಣುವ ವಾಚಿನ ಮುಳ್ಳಿಗೆ ನಿಜವಾದ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅಲ್ಲಿಯೂ ಹೊಳೆಯುತ್ತಿದ್ದದ್ದು ರೇಡಿಯಂ ಅಲ್ಲ. ಅದರ ಏಟು ತಿಂದು ಸತುವಿನ ಸಲ್ಫೈಡ್ ಪುಡಿ ಹೊಳೆಯುತ್ತಿತ್ತು. ಅಮೆರಿಕದ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ 1917ರಿಂದ ಚಿಕ್ಕ ವಯಸ್ಸಿನ ಹುಡುಗಿಯರು ಈ ಕೆಲಸ ಮಾಡಿದರು. ಬ್ರಷ್ಷಿನ ಮೊನೆ ಚೂಪಾಗಲಿ ಅಂತ ತುಟಿಯಲ್ಲಿಟ್ಟು ಎಳೆಯಲು ಹೇಳಿಕೊಟ್ಟಿದ್ದರು. ಮೈಗೆ ರೇಡಿಯಂ ಕ್ಯಾಲ್ಸಿಯಂ ಥರ ಕಾಣುತ್ತದೆ. ಎಲುಬಿನಲ್ಲಿ ಹೋಗಿ ಕೂತಿತು. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, 1,600 ವರ್ಷ. ದವಡೆ ಮೂಳೆಯೇ ಕರಗಿ ಎಷ್ಟೋ ಹುಡುಗಿಯರು ಸತ್ತರು.

ಶಾಲ್ಮಲಾ | ಮಂಗಳವಾರ, ಮಧ್ಯಾಹ್ನ 1:10

ಮೇಷ್ಟ್ರೇ, ಓದಿ ಕೈ ನಡುಗಿತು. ಅತ್ತಿಗೆ ಮೈಯಲ್ಲೂ ಹಾಗೆ ಕೂತುಬಿಟ್ಟರೆ?

ಗಾಮಾ ಕ್ಯಾಮೆರಾ | ಮಂಗಳವಾರ, ಮಧ್ಯಾಹ್ನ 1:25

ಕೂರುವುದಿಲ್ಲ. ಮೇಷ್ಟ್ರೇ, ಪೇಷೆಂಟ್ ಮನೆಯವರು ಓದುತ್ತಿದ್ದಾರೆ ಅನ್ನುವುದು ನೆನಪಿರಲಿ.

ಈ ಅಯೋಡಿನ್ನಿನ ಅರ್ಧಾಯು 8 ದಿನ. ಸಾವಿರದ ಆರುನೂರು ವರ್ಷ ಎಲ್ಲಿ, ಎಂಟು ದಿನ ಎಲ್ಲಿ! ಅದೂ ಮೈಯಲ್ಲಿ ಎಂಟು ದಿನ ಕಾಯಬೇಕಿಲ್ಲ. ಗ್ರಂಥಿ ತೆಗೆದಾಗಿದೆ, ಹಿಡಿದಿಡುವವರೇ ಇಲ್ಲ. ಬಹುಪಾಲು ಅಯೋಡಿನ್ ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ. ನೀರು ಜಾಸ್ತಿ ಕುಡೀರಿ ಅನ್ನುವುದು ಅದಕ್ಕೆ. ನಿಂಬೆಹುಳಿ ಪೆಪ್ಪರ್‌ಮಿಂಟ್ ಚೀಪಲು ಕೊಡುವುದು ಜೊಲ್ಲುಗ್ರಂಥಿಯಲ್ಲಿ ನಿಲ್ಲದೆ ಹರಿದು ಹೋಗಲಿ ಅಂತ.

ಪಕ್ಕದ ಮನೆಯವರ ಬಾವಿಗೆ ಉತ್ತರವೂ ಇದೇ. ಆಸ್ಪತ್ರೆಯಲ್ಲಿ ಅತ್ತಿಗೆ ಇರುವ ರೂಮಿನ ಟಾಯ್ಲೆಟ್ ನೀರು ಸೀದಾ ಚರಂಡಿಗೆ ಹೋಗುವುದಿಲ್ಲ. ಡಿಲೇ ಟ್ಯಾಂಕ್ ಅಂತ ಬೇರೆಯೇ ಇರುತ್ತದೆ. ಅದರಲ್ಲಿ ವಾರಗಟ್ಟಲೆ ಸುಮ್ನೆ ನಿಲ್ಲಿಸುತ್ತೇವೆ. ಮದ್ದು ಹಾಕುವುದಿಲ್ಲ, ಏನೂ ಇಲ್ಲ. ಕಾಯುವುದೇ ಚಿಕಿತ್ಸೆ. ಜೋರಾಗಿ ಬರುವ ಮೊದಲ ದಿನಗಳದ್ದು ಅಲ್ಲಿ ಉಳಿಯಲಿ ಅಂತಲೇ ಪೇಷೆಂಟನ್ನು ಉಳಿಸಿಕೊಳ್ಳುವುದು. ಬಿಡುವ ದಿನ ಮೀಟರ್ ಹಿಡಿದು ಅಳೆದು, ಮಿತಿಗಿಂತ ಕೆಳಗೆ ಬಂದ ಮೇಲೇ ಬಿಡುತ್ತಾರೆ.

ಅರಳಿಕಟ್ಟೆ | ಮಂಗಳವಾರ, ಸಂಜೆ 6:40

ಅಮ್ಮನಿಗೆ ಹೇಳುವುದು ಸುಲಭ. ಸೂತಕ ಇದ್ದ ಹಾಗೆ ಅನ್ನಿ. ಇಷ್ಟು ದಿನ ಅಂತ ಲೆಕ್ಕ. ಬೇರೆ ತಟ್ಟೆ, ಬೇರೆ ಚಾಪೆ, ದಿನ ಕಳೆದ ಮೇಲೆ ಎಲ್ಲ ಮಾಮೂಲು. ಹಿಂದಿನವರಿಗೆ ಹೀಗೆ ಹೇಳಿದರೆ ಒಂದೇ ಸಲಕ್ಕೆ ತಲೆಗೆ ಹೋಗುತ್ತದೆ.

ನೇರ ಮಾತು | ಮಂಗಳವಾರ, ಸಂಜೆ 7:02

ಅಯ್ಯೋ, ದಯವಿಟ್ಟು ಹಾಗೆ ಹೇಳಬೇಡಿ. ಕ್ಯಾನ್ಸರ್ ಗೆದ್ದು ಮನೆಗೆ ಬರುವ ಹೆಂಗಸನ್ನು "ಸೂತಕ" ಅಂತ ಮೂಲೆಗೆ ಕೂರಿಸುವುದಾ? ತಿಂಗಳಿಗೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂತು ಬೆಳೆದವಳು ನಾನು. ಚೊಂಬನ್ನು ನೆಲದ ಮೇಲಿಟ್ಟು ದೂರ ಸರಿಯುತ್ತಿದ್ದರು. ಆ ಪದದ ಜೊತೆ ಏನೇನು ಬರುತ್ತದೆ ಅಂತ ನಿಮಗೆ ಗೊತ್ತಿಲ್ಲ.

ಅರಳಿಕಟ್ಟೆ | ಮಂಗಳವಾರ, ಸಂಜೆ 7:15

ಅವಮಾನ ಮಾಡಲು ಹೇಳಿದ್ದಲ್ಲ ತಂಗಿ. ಲೆಕ್ಕ ಅರ್ಥವಾಗಲಿ ಅಂತ ಹೇಳಿದೆ.

ಗಾಮಾ ಕ್ಯಾಮೆರಾ | ಮಂಗಳವಾರ, ರಾತ್ರಿ 8:30

ಹಿರಿಯರ ಮನಸ್ಸು ಒಳ್ಳೆಯದೇ ಇದೆ. ಆದರೆ ಆ ಹೋಲಿಕೆ ಅವಮಾನಕ್ಕಷ್ಟೇ ಅಲ್ಲ, ಲೆಕ್ಕಕ್ಕೂ ತಪ್ಪು. ಮೈಲಿಗೆಯಲ್ಲಿ ಮುಟ್ಟಿದರೆ ಮುಗಿಯಿತು. ಒಂದು ಕ್ಷಣವೋ, ಇಡೀ ರಾತ್ರಿಯೋ, ಎರಡೂ ಒಂದೇ. ಇಲ್ಲಿ ಮುಟ್ಟಿಗಿಂತ ಹೊತ್ತು ಮುಖ್ಯ. ಮೊದಲ ದಿನ ಲೋಟ ಕೊಡುವಾಗ ಬೆರಳು ತಾಗಿದರೆ ಏನೂ ಅಲ್ಲ. ರಾತ್ರಿ ಎಂಟು ತಾಸು ಪಕ್ಕದಲ್ಲಿ ಮಗು ಮಲಗಿದರೆ ಅದು ಲೆಕ್ಕಕ್ಕೆ ಬರುತ್ತದೆ. ಉರಿಯುವ ಒಲೆ ಅಂದುಕೊಳ್ಳಿ. ಮುಂದೆ ಹಾದು ಹೋದರೆ ಏನಾಯಿತು? ಅಲ್ಲೇ ಕುಕ್ಕರಗಾಲಲ್ಲಿ ಕೂತರೆ ಮುಖ ಸುಡುತ್ತದೆ. ಒಲೆಯ ಮುಂದೆ ಕೂತು ಎದ್ದು ಬಂದವನು ತಾನೇ ಒಲೆ ಆಗುವುದಿಲ್ಲವಲ್ಲ. ಅತ್ತಿಗೆಯ ಪಕ್ಕ ಕೂತವರೂ ರೇಡಿಯೋಆಕ್ಟಿವ್ ಆಗುವುದಿಲ್ಲ.

ಬೇರೆ ತಟ್ಟೆ, ಎರಡು ಸಲ ಫ್ಲಶ್, ಬೇರೆ ಟವೆಲ್ಲು ಮಾತ್ರ ಇನ್ನೊಂದು ಕಾರಣಕ್ಕೆ. ಜೊಲ್ಲು, ಬೆವರು, ಮೂತ್ರದಲ್ಲಿ ಆ ಅಯೋಡಿನ್ನೇ ಸ್ವಲ್ಪ ಇರುತ್ತದೆ. ಅದು ಕಿರಣ ಅಲ್ಲ, ಕೆಂಡದ ಚೂರು. ಮಗುವಿನ ಬಾಯಿಗೆ ಹೋದರೆ ಅದರ ಥೈರಾಯ್ಡ್ ಹೀರಿಕೊಳ್ಳುತ್ತದೆ. ಹಾಗಾಗಿ ಚೀಟಿಯಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟು ದಿನ ಪಾಲಿಸಿ. ಇಲ್ಲಿನ ಯಾರ ಮಾತು ಕೇಳಿಯೂ, ನನ್ನದನ್ನೂ ಸೇರಿಸಿ, ಒಂದು ದಿನ ಕಮ್ಮಿ ಮಾಡಬೇಡಿ.

ಹಳೇ ಮೇಷ್ಟ್ರು | ಬುಧವಾರ, ಬೆಳಿಗ್ಗೆ 5:50

ಒಲೆ ಮತ್ತು ಕೆಂಡ. ಇಷ್ಟು ಚೆನ್ನಾಗಿ ನಾನು ಕ್ಲಾಸಿನಲ್ಲಿ ಹೇಳಿದ್ದಿಲ್ಲ. ನಿನ್ನೆ ಗದರಿಸಿದ್ದು ಸರಿಯಾಗಿಯೇ ಇತ್ತು, ತಪ್ಪು ತಿಳಿದಿಲ್ಲ.

ಕೆಂಡ ಮನೆಮನೆಗೆ ಹೋದ ಒಂದು ಪ್ರಸಂಗ ಇದೆ. ಶಾಲ್ಮಲಾ ಅವರು ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. 1987ರಲ್ಲಿ ಬ್ರೆಜಿಲ್ ದೇಶದ ಗೋಯಾನಿಯಾದಲ್ಲಿ ಪಾಳುಬಿದ್ದ ಒಂದು ಕ್ಯಾನ್ಸರ್ ಕ್ಲಿನಿಕ್ಕಿನಿಂದ ಇಬ್ಬರು ಹಳೇ ಮೆಷಿನ್ನಿನ ಭಾಗ ಕಳಚಿಕೊಂಡು ಹೋಗಿ ಗುಜರಿಗೆ ಮಾರಿದರು. ಒಳಗೆ ಸೀಸಿಯಂ-137 ಅನ್ನುವ ರೇಡಿಯೋಆಕ್ಟಿವ್ ಲವಣ, ಪುಡಿ ರೂಪದಲ್ಲಿ. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚಂದ ಇದೆ ಅಂತ ಗುಜರಿಯವನು ನೆಂಟರಿಗೆ, ಗೆಳೆಯರಿಗೆ ಚೂರುಚೂರು ಹಂಚಿದ. ಆರು ವರ್ಷದ ಹುಡುಗಿಯೊಬ್ಬಳು ಅದರಲ್ಲಿ ಆಡಿ, ಅದೇ ಕೈಯಲ್ಲಿ ಮೊಟ್ಟೆ ತಿಂದಳು. ನಾಲ್ಕು ಜನ ಸತ್ತರು, ಅವಳೂ ಸೇರಿ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸ್ಟೇಡಿಯಮ್ಮಿಗೆ ಕರೆಸಿ ಪರೀಕ್ಷೆ ಮಾಡಿದರು. 249 ಜನರಲ್ಲಿ ಆ ಪುಡಿ ಸಿಕ್ಕಿತು.

ನಮ್ಮಲ್ಲೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಹೊರಬಿದ್ದು ಒಬ್ಬ ಕೆಲಸಗಾರ ತೀರಿಕೊಂಡ. ವಿಶ್ವವಿದ್ಯಾಲಯವೊಂದು ಹರಾಜಿನಲ್ಲಿ ಮಾರಿದ ಹಳೇ ಉಪಕರಣದೊಳಗೆ ಇದ್ದದ್ದು. ಏನು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಈರುಳ್ಳಿ ಮೊಳಕೆ ಬರದಿರಲಿ ಅಂತ ಕಿರಣ ಹಾಯಿಸುವುದೂ ಇದೇ ಕೋಬಾಲ್ಟಿನಿಂದಲೇ. ಮಹಾರಾಷ್ಟ್ರದ ಲಾಸಲ್‌ಗಾಂವ್‌ನಲ್ಲಿ 2002ರಿಂದ ಅಂಥ ಘಟಕ ಇದೆ. ಆ ಈರುಳ್ಳಿ ರೇಡಿಯೋಆಕ್ಟಿವ್ ಆಗುವುದಿಲ್ಲ. ಒಲೆ ನೋಡಿತು, ಕೆಂಡ ಮುಟ್ಟಲಿಲ್ಲ.

ತಿಂಡಿಪೋತ | ಬುಧವಾರ, ಬೆಳಿಗ್ಗೆ 9:12

ಒಂದು ಅನುಮಾನ. ಒಲೆ ಮುಂದೆ ಕೂತವನು ಒಲೆ ಆಗಲ್ಲ ಅಂದ್ರಿ. ಹಾಗಾದರೆ ಈ ಅಯೋಡಿನ್ ರೇಡಿಯೋಆಕ್ಟಿವ್ ಆಗಿದ್ದು ಹೇಗೆ? ಗಣಿಯಲ್ಲಿ ಸಿಗುತ್ತಾ?

ಗಾಮಾ ಕ್ಯಾಮೆರಾ | ಬುಧವಾರ, ಬೆಳಿಗ್ಗೆ 9:40

ಬಾಳೆಹಣ್ಣಿನವರಿಂದ ಒಳ್ಳೇ ಪ್ರಶ್ನೆ! ಎಂಟು ದಿನಕ್ಕೆ ಅರ್ಧ ಆಗುವುದು ಗಣಿಯಲ್ಲಿ ಉಳಿಯುತ್ತದೆಯೇ? ಮಾಡಿಯೇ ತರಬೇಕು. ಮುಂಬೈಯ ಟ್ರಾಂಬೆಯಲ್ಲಿ ಅಣು ರಿಯಾಕ್ಟರಿನೊಳಗೆ ಟೆಲುರಿಯಂ ಅನ್ನುವ ಧಾತು ಇಡುತ್ತಾರೆ. ಅಲ್ಲಿ ನ್ಯೂಟ್ರಾನುಗಳ ಸುರಿಮಳೆ. ನ್ಯೂಟ್ರಾನಿಗೆ ಚಾರ್ಜ್ ಇಲ್ಲ, ಯಾರೂ ತಡೆಯುವುದಿಲ್ಲ, ಸೀದಾ ನಡುಮನೆಗೆ ನುಗ್ಗುತ್ತದೆ. ಒಂದು ನ್ಯೂಟ್ರಾನ್ ಜಾಸ್ತಿಯಾದ ಟೆಲುರಿಯಂ ಬದಲಾಗಿ ಅಯೋಡಿನ್-131 ಆಗುತ್ತದೆ. ಅಂದರೆ ನ್ಯೂಟ್ರಾನ್ ಬಡಿದರೆ ವಸ್ತು ರೇಡಿಯೋಆಕ್ಟಿವ್ ಆಗಬಹುದು. ಅಯೋಡಿನ್ ಬಿಡುವ ಬೀಟಾ, ಗಾಮಾದಿಂದ ಆಗುವುದಿಲ್ಲ. ನಮ್ಮ ಒಲೆ ಗಾದೆಗೆ ಇದೊಂದು ತಿದ್ದುಪಡಿ.

ನಮ್ಮ ಕೆಲಸ ಎಲ್ಲ ಗಡಿಯಾರದ ಜೊತೆ ಓಟ. ಮೈಯೊಳಗಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನಿಗೆ ಕೊಡುವ ರೇಡಿಯೋಆಕ್ಟಿವ್ ಫ್ಲೋರಿನ್ ಇನ್ನೂ ಗಡಿಬಿಡಿ, 110 ನಿಮಿಷಕ್ಕೆ ಅರ್ಧ. ಗಾಡಿ ಟ್ರಾಫಿಕ್ಕಿನಲ್ಲಿ ಸಿಕ್ಕಿತು ಅಂದರೆ ಮದ್ದು ದಾರಿಯಲ್ಲೇ ಸವೆಯುತ್ತದೆ.

ಉಳ್ಳಾಲದವ | ಬುಧವಾರ, ಮಧ್ಯಾಹ್ನ 12:20

ಗಣಿಯ ಮಾತು ಬಂತು ಅಂತ. ನಮ್ಮ ಉಳ್ಳಾಲದ ಕಡಲ ತಡಿಯಲ್ಲಿ ಅಲ್ಲಲ್ಲಿ ಕಪ್ಪು ಮರಳು ಇದೆ. ಅದರಲ್ಲಿ ಮೊನಜೈಟ್ ಅನ್ನುವ ಖನಿಜ, ಮೊನಜೈಟಿನಲ್ಲಿ ಥೋರಿಯಂ ಅನ್ನುವ ರೇಡಿಯೋಆಕ್ಟಿವ್ ಧಾತು. ಮಂಗಳೂರು ವಿಶ್ವವಿದ್ಯಾಲಯದವರು ಅಲ್ಲಿ ಅಳತೆ ಮಾಡಿದ್ದಾರೆ. ಕೇರಳದ ಕರುನಾಗಪ್ಪಳ್ಳಿಯಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ.

ಥೋರಿಯಂ ನಾವೆಲ್ಲ ಕೈಯಲ್ಲಿ ಹಿಡಿದವರೇ. ಗ್ಯಾಸ್‌ಲೈಟಿನ ಮ್ಯಾಂಟಲ್ ನೆನಪುಂಟಾ? ಬಯಲಾಟಕ್ಕೆ ಗದ್ದೆಯಲ್ಲಿ ನಾಲ್ಕು ಗ್ಯಾಸ್‌ಲೈಟು ಕಟ್ಟುತ್ತಿದ್ದರು. ಹೊಸ ಮ್ಯಾಂಟಲ್ ಅಂದರೆ ಮೆತ್ತನೆ ರೇಷ್ಮೆ ಚೀಲದ ಹಾಗೆ. ಒಮ್ಮೆ ಉರಿಸಿದರೆ ಬಟ್ಟೆ ಸುಟ್ಟು ಬರೀ ಬೂದಿಯ ಬಲೆ ಉಳಿಯುತ್ತದೆ, ಮುಟ್ಟಿದರೆ ಪುಡಿ. ಆ ಬಲೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಥೋರಿಯಂ ಆಕ್ಸೈಡ್. ಅಷ್ಟು ಬೆಳ್ಳಗೆ ಉರಿಯುತ್ತಿದ್ದದ್ದು ರೇಡಿಯೋಆಕ್ಟಿವ್ ಅಂತಲ್ಲ, ಕಾದದ್ದಕ್ಕೆ. ಥೋರಿಯಮ್ಮಿನ ಅರ್ಧಾಯು 1,400 ಕೋಟಿ ವರ್ಷ. ನಮ್ಮಜ್ಜ ಹಳೇ ಮ್ಯಾಂಟಲ್ ಉಫ್ ಅಂತ ಊದಿ ಹೊಸದು ಕಟ್ಟುತ್ತಿದ್ದರು. ಈಗ ಯೋಚಿಸಿದರೆ ಊದಬಾರದಿತ್ತು.

ಶಾಲ್ಮಲಾ | ಬುಧವಾರ, ಮಧ್ಯಾಹ್ನ 2:05

1,400 ಕೋಟಿ ವರ್ಷ ಅಂದರೆ ತುಂಬಾ ಅಪಾಯ ಅಲ್ವಾ? ಎಂಟು ದಿನದ್ದು ವಾಸಿ ಅಲ್ವಾ?

ಹಳೇ ಮೇಷ್ಟ್ರು | ಬುಧವಾರ, ಮಧ್ಯಾಹ್ನ 2:30

ಎಲ್ಲರೂ ಎಡವುವ ಜಾಗ ಇದು. ತೂಕಕ್ಕೆ ತೂಕ ಇಟ್ಟು ನೋಡಿದರೆ ಉಲ್ಟಾ. ಅಷ್ಟು ವರ್ಷ ಬೇಕು ಅಂದರೆ ಒಂದು ಕ್ಷಣದಲ್ಲಿ ಒಡೆಯುವುದು ಬಹಳ ಕಮ್ಮಿ. ಜಿಪುಣನ ಗಂಟು ತಲೆತಲಾಂತರ ಬರುತ್ತದೆ, ದಿನದ ಖರ್ಚು ಮಾತ್ರ ಕಾಸು. ಅಯೋಡಿನ್ ಜಾತ್ರೆಗೆ ಹೋದವನ ಹಾಗೆ. ಜೋರಾಗಿ ಸುರಿದು ಬೇಗ ಖಾಲಿ.

ಕಾಳಿ ದಂಡೆ | ಬುಧವಾರ, ಸಂಜೆ 5:45

ಕೈಗಾ ಅಣು ವಿದ್ಯುತ್ ಸ್ಥಾವರದ ಹತ್ತಿರದ ಮಲ್ಲಾಪುರದ ಕಡೆಯವನು ನಾನು. ಅರ್ಧಾಯುವಿನಲ್ಲಿ ಎರಡು ಬಗೆ ಇದೆ ಅಂತ ನಮ್ಮ ಊರಿಗೆ 2009ರಲ್ಲಿ ಗೊತ್ತಾಯಿತು. ಆ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ (ರೇಡಿಯೋಆಕ್ಟಿವ್ ಹೈಡ್ರೋಜನ್) ಇದ್ದ ಭಾರಜಲ, ಅಂದರೆ ರಿಯಾಕ್ಟರಿನಲ್ಲಿ ಬಳಸುವ ನೀರು, ಬೆರೆಸಿದ್ದರು. ಕೆಲಸಗಾರರ ಮೂತ್ರದ ಮಾಮೂಲಿ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಐವತ್ತಕ್ಕೂ ಹೆಚ್ಚು ಜನ ಕುಡಿದಿದ್ದರು. ಟ್ರಿಟಿಯಂ ಬಿಡುವ ಬೀಟಾ ಎಷ್ಟು ಮೆತ್ತಗೆ ಅಂದರೆ ಚರ್ಮ ದಾಟುವುದಿಲ್ಲ. ಬಾಟಲಿಯಲ್ಲಿದ್ದರೆ ಏನೂ ಇಲ್ಲ, ಹೊಟ್ಟೆಗೆ ಹೋದರೆ ಬೇರೆ ಮಾತು. ಅದರ ಅರ್ಧಾಯು 12 ವರ್ಷದ ಮೇಲೆ. ಆದರೆ ಮೈಯಲ್ಲಿ ಅದು ನೀರೇ ಅಲ್ವಾ? ಸುಮಾರು ಹತ್ತು ದಿನಕ್ಕೆ ಅರ್ಧ ಹೊರಗೆ ಹೋಗುತ್ತದೆ. ನೀರು, ಪಾನಕ ಜಾಸ್ತಿ ಕುಡಿದರೆ ಇನ್ನೂ ಬೇಗ. ಹಾಗಾಗಿ ಪದಾರ್ಥ ಎಷ್ಟು ದಿನ ಇರುತ್ತದೆ ಅನ್ನುವುದು ಒಂದು, ನಮ್ಮೊಳಗೆ ಎಷ್ಟು ದಿನ ಇರುತ್ತದೆ ಅನ್ನುವುದು ಇನ್ನೊಂದು.

ಚೌಕಾಬಾರ | ಬುಧವಾರ, ರಾತ್ರಿ 9:00

ನಾಲ್ಕು ವರ್ಷದ ಮಗುವಿಗೆ ಹೇಗೆ ಹೇಳುವುದು ಅಂತ ಕೇಳಿದಿರಿ. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ನಮ್ಮ ಮೈಸೂರು ಕಡೆ ಚೌಕಾಬಾರ ಆಡಲು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬಿಳಿ ಮಾಡಿಕೊಳ್ಳುತ್ತೇವೆ. ಅಂಥವು 64 ಮಾಡಿ. ಎಲ್ಲವನ್ನೂ ಒಟ್ಟಿಗೆ ನೆಲಕ್ಕೆ ಚೆಲ್ಲಿ. ಬಿಳಿ ಮೇಲಾಗಿ ಬಿದ್ದದ್ದೆಲ್ಲ "ಮಲಗಿದವು". ತೆಗೆದಿಡಿ. ಉಳಿದದ್ದನ್ನು ಮತ್ತೆ ಚೆಲ್ಲಿ. ನಾನು ಈಗ ಮಗನ ಜೊತೆ ಮಾಡಿ ನೋಡಿದೆ. 64, 35, 17, 10, 4, 3, 1. ಒಂದು ಚೆಲ್ಲು ಅಂದರೆ ಅಮ್ಮನ ಎಂಟು ದಿನ. ಯಾವ ಬೀಜ ಯಾವಾಗ ಮಲಗುತ್ತದೆ ಅಂತ ಬ್ರಹ್ಮನೂ ಹೇಳಲಾರ. ಅರ್ಧದ ಆಸುಪಾಸು ಮಲಗುತ್ತವೆ ಅಂತ ಮಾತ್ರ ಮಗುವೂ ಹೇಳುತ್ತದೆ.

ಹಳೇ ಮೇಷ್ಟ್ರು | ಬುಧವಾರ, ರಾತ್ರಿ 9:25

ಭಲೇ! ಇನ್ನೊಂದು ಮಾತು. ಐದು ಸಲ ಬಚಾವಾದ ಬೀಜಕ್ಕೆ ವಯಸ್ಸಾಗಿದೆ, ಇನ್ನೇನು ಬೀಳುತ್ತದೆ ಅನ್ನುವ ಹಾಗಿಲ್ಲ. ಆರನೇ ಸಲವೂ ಅದಕ್ಕೆ ಅದೇ ಅರ್ಧ ಅವಕಾಶ. ಪರಮಾಣುವಿಗೆ ಮುಪ್ಪಿಲ್ಲ. ತೇದ ಬೀಜ ಸರಿಯಾಗಿ ಅರ್ಧಕ್ಕರ್ಧ ಬೀಳುವುದಿಲ್ಲ ಅಂತ ಯಾರಾದರೂ ತಕರಾರು ತೆಗೆಯುವ ಮೊದಲೇ ಹೇಳುತ್ತೇನೆ, ಆಗ ಅರ್ಧಾಯು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ಆಟ ಅದೇ.

ನೇರ ಮಾತು | ಬುಧವಾರ, ರಾತ್ರಿ 9:31

ಮಲಗಿದ ಬೀಜ ಎತ್ತಿ ಬಿಸಾಡಬೇಡಿ. ಅಯೋಡಿನ್ ಮಾಯ ಆಗಲಿಲ್ಲ, ಕ್ಸೆನಾನ್ ಆಯಿತು ಅಂದರಲ್ಲ ಮೇಷ್ಟ್ರು? ಒಂದೊಂದರ ಜಾಗಕ್ಕೂ ಒಂದೊಂದು ಕಡಲೆಬೀಜ ಇಡಿ.

ಶಾಲ್ಮಲಾ | ಭಾನುವಾರ, ಸಂಜೆ 6:20

ಎಲ್ಲರಿಗೂ ದೊಡ್ಡ ನಮಸ್ಕಾರ. ಅತ್ತಿಗೆ ಗುರುವಾರ ಸಂಜೆ ಬಂದರು. ಜಗಲಿ ಪಕ್ಕದ ಕೋಣೆ ಕೊಟ್ಟಿದ್ದೇವೆ, ಅದಕ್ಕೇ ಅಂಟಿಕೊಂಡು ಬಚ್ಚಲು ಇದೆ. ಅಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಲಿಲ್ಲ. ಹಾಕಿದರೂ ಬಿಟ್ಟರೂ ಒಂದೇ ಅಂತ ಅರ್ಥವಾಯಿತಂತೆ. ಒಲೆ-ಕೆಂಡದ ಮಾತು ಹೇಳಿದ್ದಕ್ಕೆ, "ಅಷ್ಟೇನಾ, ಮೊದಲೇ ಹೇಳಬಾರದಿತ್ತಾ" ಅಂದರು. ಪಕ್ಕದ ಮನೆಯವರಿಗೆ ಈಗ ಅಮ್ಮನೇ ಪಾಠ ಮಾಡುತ್ತಿದ್ದಾರೆ.

ನಮ್ಮ ಕಡೆ ಚೆನ್ನೆಮಣೆ ಜಾಸ್ತಿ, ಚೌಕಾಬಾರ ಕಮ್ಮಿ. ಆದರೂ ಹುಣಸೆ ಬೀಜ ತೇದೆವು. ಅಣ್ಣನೇ ತೇದ, ಯೂಟ್ಯೂಬ್ ಬಿಟ್ಟು. ಪುಟ್ಟಿ ಜಗಲಿಯ ಈ ತುದಿಯಲ್ಲಿ ಕೂತು ಚೆಲ್ಲುತ್ತಾಳೆ. ಅತ್ತಿಗೆ ಆ ತುದಿಯ ಕಿಟಕಿ ಸರಳಿನ ಹಿಂದಿನಿಂದ "ಎಷ್ಟು ಮಲಗಿತು?" ಅಂತ ಕೂಗುತ್ತಾರೆ. ಪುಟ್ಟಿಗೆ ಇಪ್ಪತ್ತರ ಮೇಲೆ ಎಣಿಸಲು ಬರುವುದಿಲ್ಲ. ಹಾಗಾಗಿ ಮೊದಲ ಸಲ ಯಾವಾಗಲೂ "ತುಂಬಾ". ಅಜ್ಜಿ ಪಕ್ಕದಲ್ಲಿ ಕೂತು ಕಡಲೆಬೀಜ ಇಡುತ್ತಾರೆ. ನಿನ್ನೆ ಒಂದು ಬೀಜ ಹತ್ತು ಸಲ ಚೆಲ್ಲಿದರೂ ಮಲಗಲಿಲ್ಲ. ಪುಟ್ಟಿ ಸಿಟ್ಟಾಗಿ ತಾನೇ ಮಗುಚಿ ಹಾಕಿದಳು.

ಕೊನೆಯದಾಗಿ ಗಾಮಾ ಕ್ಯಾಮೆರಾ ಸರ್‌ಗೆ ಒಂದು ಪ್ರಶ್ನೆ. ಅತ್ತಿಗೆ ಆಸ್ಪತ್ರೆಗೆ ಒಂದು ಹತ್ತಿಯ ಗೊಂಬೆ ತೆಗೆದುಕೊಂಡು ಹೋಗಿದ್ದರು, ಪುಟ್ಟಿಯದು. ಮೂರೂ ರಾತ್ರಿ ತಲೆ ಹತ್ತಿರವೇ ಇಟ್ಟುಕೊಂಡಿದ್ದರಂತೆ. ಬಿಸಾಡಬೇಕಾ?

ಗಾಮಾ ಕ್ಯಾಮೆರಾ | ಭಾನುವಾರ, ರಾತ್ರಿ 8:05

ಬಿಸಾಡಬೇಡಿ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಹೇಳಿ, ಮೀಟರ್ ಹಿಡಿದು ನೋಡಿಕೊಡುತ್ತಾರೆ. ಇಲ್ಲವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಮೇಲೆ ತಾರೀಖು ಬರೆದು, ಮಗು ಹೋಗದ ಅಟ್ಟದಲ್ಲಿಡಿ. ಎಂಬತ್ತು ದಿನ, ಅಂದರೆ ಹತ್ತು ಚೆಲ್ಲು. ಸಾವಿರದಲ್ಲಿ ಒಂದು ಭಾಗವೂ ಉಳಿದಿರುವುದಿಲ್ಲ. ಆಮೇಲೆ ಒಗೆದು ಕೊಡಿ.

ಶಾಲ್ಮಲಾ | ಭಾನುವಾರ, ರಾತ್ರಿ 8:20

ತಾರೀಖು ಬರೆದು ಅಟ್ಟಕ್ಕೆ ಹಾಕಿದೆವು ಸರ್. ಗೊಂಬೆ ಎಲ್ಲಿ ಅಂತ ಪುಟ್ಟಿ ಕೇಳಿದಳು. ಅದೂ ಮಲಗಬೇಕು, ಎಬ್ಬಿಸಬಾರದು ಅಂದೆ. ಸರಿ ಅಂತ ಹೇಳಿ, ಬಟ್ಟಲಲ್ಲಿದ್ದ ಕ್ಸೆನಾನ್ ಎಲ್ಲ ತಿಂದು ಹೋದಳು.